ನ್ಯಾನೊ ತಾಮ್ರ ಹೊಡೆದರೆ ಎರೆಹುಳುವಿನ ಗತಿ?

ಪ್ರಶ್ನೆ: ನಾವು ಶಿರಸಿ ಕಡೆಯವರು. ಗೋವಾದ ಫೋಂಡಾ ಹತ್ತಿರ ಕುಳಾಗರ (ಅಡಿಕೆಯ ಮಿಶ್ರ ತೋಟ) ನೋಡಿಕೊಳ್ಳುತ್ತಿದ್ದೇವೆ. ಅಡಿಕೆ ಕೊಳೆರೋಗಕ್ಕೆ ಬೋರ್ಡೋ (ಮೈಲುತುತ್ತ, ಸುಣ್ಣದ ದ್ರಾವಣ) ಬದಲು ನ್ಯಾನೊ ತಾಮ್ರ (ತೀರಾ ಸಣ್ಣ ಕಣಗಳ ತಾಮ್ರದ ಮದ್ದು) ಹೊಡೆಯಿರಿ, ಬುಡಕ್ಕೂ ಸ್ವಲ್ಪ ಹಾಕಿ ಅಂತ ಅಂಗಡಿಯವರು ಹೇಳುತ್ತಾರೆ. ಎರೆಹುಳುಗಳಿಗೆ ತೊಂದರೆ ಆಗುವುದಿಲ್ಲವೇ?

ಉತ್ತರ: ಬುಡಕ್ಕೆ ಹಾಕಲೇಬೇಡಿ. ಕೊಳೆರೋಗಕ್ಕೆ ಮದ್ದು ತಲುಪಬೇಕಾದ್ದು ಗೊನೆಗೆ.

ತಾಮ್ರ ಮಣ್ಣಿನಲ್ಲಿ ಕೊಳೆತು ಮಾಯವಾಗುವ ವಸ್ತುವಲ್ಲ. ಶೇ 1ರ ಬೋರ್ಡೋ ಅಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ. ಅದರಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ. ಮಳೆಗೆ ತೊಳೆದು ಅದು ಬುಡಕ್ಕೇ ಇಳಿಯುತ್ತದೆ, ವರ್ಷ ವರ್ಷವೂ ಸೇರುತ್ತಾ ಹೋಗುತ್ತದೆ. ಹಾಗಾಗಿ ಹೊಸ ಬಾಟಲಿಯ ಮೇಲೆ ಎಷ್ಟು ತಾಮ್ರ ಅಂತ ಬರೆದಿದೆ ನೋಡಿ. ಒಟ್ಟು ತಾಮ್ರ ನಿಜಕ್ಕೂ ಕಡಿಮೆ ಬೀಳುವುದಾದರೆ ಅದು ಮಣ್ಣಿಗೆ ಲಾಭವೇ.

ಆದರೆ ಬೋರ್ಡೋದಲ್ಲಿ ಸುಣ್ಣ ಇತ್ತು, ಇದರಲ್ಲಿ ಇಲ್ಲ. ಗೋವಾದ ಜಂಬಿಟ್ಟಿಗೆ ಮಣ್ಣು ಹುಳಿ. ಕಣ ಸಣ್ಣದಾದಷ್ಟೂ ಹುಳಿ ಮಣ್ಣಿನಲ್ಲಿ ಬೇಗ ಕರಗುತ್ತದೆ. ಜೀವಿಗಳಿಗೆ ಜಾಸ್ತಿ ಪೆಟ್ಟು ಕೊಡುವುದು ಹೀಗೆ ಕರಗಿದ ತಾಮ್ರ. ಎರೆಹುಳು ಮಣ್ಣನ್ನೇ ತಿನ್ನುತ್ತದೆ, ಒದ್ದೆ ಚರ್ಮದಿಂದಲೂ ತಾಮ್ರವನ್ನು ಒಳಗೆ ಎಳೆದುಕೊಳ್ಳುತ್ತದೆ. ಸಾಯುವ ಮೊದಲೇ ಅದು ಜಾಗ ಬಿಡುತ್ತದೆ, ಮೊಟ್ಟೆಗೂಡು ಇಡುವುದು ಕಡಿಮೆಯಾಗುತ್ತದೆ. ಸತ್ತ ಹುಳು ಕಾಣಲಿಲ್ಲ ಅಂದರೆ ಎಲ್ಲ ಸರಿಯಿದೆ ಎಂದಲ್ಲ. ಅಮೋನಿಯಾವನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳ ಕೆಲಸವೂ ನಿಧಾನವಾಗುತ್ತದೆ. ತಾಮ್ರ ಶಿಲೀಂಧ್ರ ಕೊಲ್ಲುವ ಮದ್ದು. ನೀವು ರೋಗ ತಡೆಯಲು ಟ್ರೈಕೋಡರ್ಮಾ ಹಾಕುವವರಾದರೆ ಅದೂ ಒಂದು ಶಿಲೀಂಧ್ರವೇ ಅಲ್ವಾ? ತಾಮ್ರದ ಜೊತೆ ಬೆರೆಸಬೇಡಿ.

ಎಲ್ಲ ನ್ಯಾನೊ ಮದ್ದೂ ಒಂದೇ ಅಲ್ಲ. ಸಿಗಡಿ, ಏಡಿ ಚಿಪ್ಪಿನಿಂದ ಮಾಡುವ ಕೈಟೋಸಾನ್ ಕಣವನ್ನು ಸೂಕ್ಷ್ಮಜೀವಿಗಳು ತಿಂದು ಮುಗಿಸುತ್ತವೆ, ಲೋಹವನ್ನು ಹಾಗೆ ಮುಗಿಸಲು ಆಗುವುದಿಲ್ಲ.

ನೀವೇ ಒಂದು ಪರೀಕ್ಷೆ ಮಾಡಬಹುದು. ಉದ್ದನೆಯ ಟ್ರೇ ತೆಗೆದುಕೊಳ್ಳಿ. ಅರ್ಧ ಭಾಗಕ್ಕೆ ಮದ್ದು ಬಿದ್ದ ಮಣ್ಣು, ಅರ್ಧಕ್ಕೆ ಅದೇ ತೋಟದ ಮದ್ದು ಬೀಳದ ಮಣ್ಣು ಹಾಕಿ. ತೇವ ಎರಡಕ್ಕೂ ಒಂದೇ ಇರಲಿ. ನಡುವೆ 10 ಎರೆಹುಳು ಬಿಟ್ಟು, ತೂತು ಮಾಡಿದ ಮುಚ್ಚಳ ಮುಚ್ಚಿ. 48 ಗಂಟೆ ಬಿಟ್ಟು ಯಾವ ಕಡೆ ಎಷ್ಟು ಹುಳು ಇವೆ ಎಣಿಸಿ. ಹೆಚ್ಚಿನವು ಮದ್ದು ಬೀಳದ ಕಡೆಗೆ ಹೋಗಿದ್ದರೆ ಮದ್ದು ಬಿದ್ದ ಮಣ್ಣು ಅವುಗಳಿಗೆ ಆಗುತ್ತಿಲ್ಲ ಎಂದರ್ಥ. ಪ್ರಯೋಗಾಲಯದಲ್ಲೂ ಹೆಚ್ಚುಕಡಿಮೆ ಹೀಗೇ ಮಾಡುತ್ತಾರೆ. ಎರಡು ಮೂರು ಟ್ರೇ ಇಟ್ಟರೆ ನಂಬಬಹುದು.

ಅದಕ್ಕೂ ಮೊದಲು ಮಣ್ಣಿನ ಹುಳಿ ಮತ್ತು ತಾಮ್ರ ಎರಡನ್ನೂ ಪರೀಕ್ಷೆ ಮಾಡಿಸಿ. ಹಳೆ ಗೋವಾದ ಏಲಾದಲ್ಲಿ ಕರಾವಳಿ ಕೃಷಿ ಸಂಶೋಧನಾ ಸಂಸ್ಥೆ ಇದೆ, ಅಲ್ಲಿ ವಿಚಾರಿಸಿ. ಹುಳಿ ಜಾಸ್ತಿ ಬಂದರೆ ಅವರು ಹೇಳಿದಷ್ಟು ಸುಣ್ಣ ಕೊಡಿ, ಕಾಂಪೋಸ್ಟ್ ಧಾರಾಳವಾಗಿ ಹಾಕಿ. ಕರಗಿದ ತಾಮ್ರವನ್ನು ಇವು ಹಿಡಿದಿಡುತ್ತವೆ. ಬಾಟಲಿಯ ಮೇಲೆ ಕೇಂದ್ರ ಕೀಟನಾಶಕ ಮಂಡಳಿಯ ನೋಂದಣಿ ಸಂಖ್ಯೆ ಇಲ್ಲದಿದ್ದರೆ ಕೊಳ್ಳಲೇಬೇಡಿ.