ಬಲಗಡೆ ಸೀಟಿನ ಮೊದಲ ಆರು ತಿಂಗಳು

ಶಿವಮೊಗ್ಗ, ಮೈಸೂರಿನಂಥ ಊರುಗಳನ್ನು ದೊಡ್ಡ ನಗರಗಳಿಗೆ ಜೋಡಿಸುವುದು ಹೆಚ್ಚಾಗಿ ಎರಡು ಪ್ರೊಪೆಲರ್‌ಗಳ ಎಟಿಆರ್ 72 ವಿಮಾನಗಳು. ಅವುಗಳಲ್ಲಿ ಹೊಸದಾಗಿ ಫಸ್ಟ್ ಆಫೀಸರ್ (ಬಲಗಡೆ ಕೂರುವ ಸಹಪೈಲಟ್) ಆಗಿ ಸೇರುವವರು ಮತ್ತು ಅವರ ಮನೆಯವರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಉತ್ತರ.

ಪ್ರಶ್ನೆ: ಸಿಪಿಎಲ್ (ಕಮರ್ಷಿಯಲ್ ಪೈಲಟ್ ಲೈಸೆನ್ಸ್) ಸಿಕ್ಕಿ ಎರಡು ವರ್ಷವಾಯಿತು. ಈಗ ಎಟಿಆರ್ ಇರುವ ಕಂಪನಿಯೊಂದರಿಂದ ಕರೆ ಬಂದಿದೆ. ಗ್ರೌಂಡ್ ಸ್ಕೂಲಿಗೆ ಐದು ವಾರ ಬಾಕಿ. ಏನು ಓದಿಕೊಳ್ಳಲಿ?
— ಓದುಗರು, ಹಾವೇರಿ

ಉತ್ತರ: ಓದು ಆಮೇಲೆ, ಕಾಗದಪತ್ರ ಮೊದಲು. ನಮ್ಮ ಕಡೆಯವರು ಎಡವುವುದು ಇನಿಶಿಯಲ್‌ನಲ್ಲಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ಒಂದಕ್ಷರ, ಪಾಸ್‌ಪೋರ್ಟಿನಲ್ಲಿ ಅದೇ ಬಿಡಿಸಿ ಬರೆದ ಅಪ್ಪನ ಹೆಸರು, ವಿಮಾನಯಾನ ನಿಯಂತ್ರಕ ಡಿಜಿಸಿಎಯ ಆನ್‌ಲೈನ್ ಇ-ಜಿಸಿಎ ಖಾತೆಯಲ್ಲಿ ಇನ್ನೊಂದು ರೀತಿ. ವಿಮಾನ ನಿಲ್ದಾಣದೊಳಗೆ ಹೋಗಲು ಬೇಕಾದ ಪ್ರವೇಶ ಪಾಸಿಗೆ ಪೊಲೀಸ್ ಪರಿಶೀಲನೆ ಆಗಬೇಕು. ಹೆಸರು, ವಿಳಾಸ ಹೊಂದದಿದ್ದರೆ ಅರ್ಜಿ ಅಲ್ಲೇ ಕೂರುತ್ತದೆ. ಜತೆಯವರು ಲೈನಿಗೆ, ಅಂದರೆ ಪ್ರಯಾಣಿಕರ ಹಾರಾಟಕ್ಕೆ, ಹೋದ ಮೇಲೂ ನೀವು ಪಾಸಿಗಾಗಿ ಕಾಯುತ್ತಿರುತ್ತೀರಿ. ಕ್ಲಾಸ್ 1 ಮೆಡಿಕಲ್ ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದು. ತರಬೇತಿಯ ನಡುವೆ ಅದರ ಅವಧಿ ಮುಗಿಯುತ್ತದೆಯೇ ಎಂದು ಈಗಲೇ ನೋಡಿ. ಲಾಗ್‌ಬುಕ್‌ನ ಪ್ರತಿ ಪುಟವನ್ನೂ ಕೂಡಿ ಪರೀಕ್ಷಿಸಿ. ಒಂದು ಗಂಟೆ ಮೂವತ್ತು ನಿಮಿಷವನ್ನು ಒಂದು ಕಡೆ 1.5 ಎಂದು, ಮತ್ತೊಂದು ಕಡೆ 1:30 ಎಂದು ಬರೆದಿದ್ದರೆ ಒಟ್ಟು ತಪ್ಪುವುದು ಖಂಡಿತ.

ಇನ್ನು ಓದು. ವಿಮಾನದ ಕೈಪಿಡಿಯನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದಲು ಹೋಗಬೇಡಿ. ಐದು ವಾರದಲ್ಲಿ ಮೂರು ಕೆಲಸ ಸಾಕು: ಮಿತಿಗಳ ಅಂಕಿಗಳು, ಮೆಮೊರಿ ಐಟಂಗಳು (ತುರ್ತಿನಲ್ಲಿ ಪುಸ್ತಕ ನೋಡದೆ ಮಾಡಬೇಕಾದ ಹೆಜ್ಜೆಗಳು), ಫ್ಲೋ (ಸ್ವಿಚ್‌ಗಳ ಮೇಲೆ ಕೈ ಸಾಗುವ ಕ್ರಮ). ಕಾಕ್‌ಪಿಟ್ ಪೋಸ್ಟರನ್ನು ನಿಜವಾದ ಅಳತೆಯಲ್ಲಿ ಮುದ್ರಿಸಿ, ಕುರ್ಚಿಯ ಮುಂದೆ ಗೋಡೆಗೆ ಅಂಟಿಸಿ. ನೀವು ಕೂರುವುದು ಬಲಗಡೆ, ಆದ್ದರಿಂದ ಪವರ್ ಲಿವರ್‌ಗಳು ಇನ್ನು ನಿಮ್ಮ ಎಡಗೈಗೆ ಬರುತ್ತವೆ. ಸೆಸ್ನಾದಲ್ಲಿ ಎಡಗಡೆ ಕೂತು ಬಲಗೈಯಲ್ಲಿ ಥ್ರಾಟಲ್ ಹಿಡಿದು ಅಭ್ಯಾಸವಾದವರಿಗೆ ಇದೇ ಮೊದಲ ವಾರದ ತಲೆನೋವು.

ಮೆಮೊರಿ ಐಟಂ ಕಲಿಯುವಾಗ ಕಾರಣವನ್ನೂ ಕಲಿಯಿರಿ. ಹಾರಾಟದಲ್ಲಿ ಎಂಜಿನ್‌ಗೆ ಬೆಂಕಿ ಹತ್ತಿದರೆ ಆ ಬದಿಯ ಪವರ್ ಲಿವರ್ ಫ್ಲೈಟ್ ಐಡಲ್‌ಗೆ, ಪ್ರೊಪೆಲರ್ ಮತ್ತು ಇಂಧನ ನೋಡಿಕೊಳ್ಳುವ ಕಂಡೀಶನ್ ಲಿವರ್ ಫೆದರ್‌ಗೆ (ಪ್ರೊಪೆಲರ್ ವಿಮಾನವನ್ನು ತಳ್ಳದ ಸ್ಥಾನ), ಅಲ್ಲಿಂದ ಫ್ಯುಯೆಲ್ ಶಟ್‌ಆಫ್‌ಗೆ, ಆಮೇಲೆ ಫೈರ್ ಹ್ಯಾಂಡಲ್ ಎಳೆತ. ಹತ್ತು ಸೆಕೆಂಡು ಬಿಟ್ಟು ಮೊದಲ ಬಾಟಲಿ. ಈ ಹತ್ತು ಸೆಕೆಂಡಿನಲ್ಲಿ ಎಂಜಿನ್ ಕವಚದೊಳಗಿನ ಗಾಳಿಯ ಓಟ ತಗ್ಗುತ್ತದೆ, ಬೆಂಕಿ ನಂದಿಸುವ ಅನಿಲ ಹಾರಿಹೋಗದೆ ಒಳಗೆ ನಿಲ್ಲುತ್ತದೆ. ಇದು ಗೊತ್ತಿದ್ದವರು ಸಿಮ್‌ನಲ್ಲಿ (ಸಿಮ್ಯುಲೇಟರ್) ಗಾಬರಿಬಿದ್ದು ಎರಡನೇ ಸೆಕೆಂಡಿಗೇ ಬಟನ್ ಒತ್ತುವುದಿಲ್ಲ.

ಪ್ರಶ್ನೆ: ಇದುವರೆಗೆ ಸೆಸ್ನಾ 172 ಮತ್ತು ಒಂದು ಸಣ್ಣ ಎರಡೆಂಜಿನ್ ವಿಮಾನ ಹಾರಿಸಿದ್ದೇನೆ. ಎಟಿಆರ್‌ನಲ್ಲಿ ಹೊಸಬರು ನಿಜವಾಗಿ ತಪ್ಪುವುದೆಲ್ಲಿ?
— ಓದುಗರು, ದಾವಣಗೆರೆ

ಉತ್ತರ: ಲಿವರ್‌ಗಳಲ್ಲಿ. ನಡುವಿನ ಪೆಡೆಸ್ಟಲ್‌ನಲ್ಲಿ ಎಡಕ್ಕೆ ಎರಡು ಪವರ್ ಲಿವರ್, ಪಕ್ಕದಲ್ಲಿ ಎರಡು ಕಂಡೀಶನ್ ಲಿವರ್, ಅದರಾಚೆ ಬಲಕ್ಕೆ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯಿಂದ ಇಳಿಯುವ ಫಲಕ) ಲಿವರ್. ಕಂಡೀಶನ್ ಲಿವರ್ ನಿಮ್ಮ ಹಳೆಯ ಮಿಕ್ಸ್ಚರ್ ಅಲ್ಲ. ಸಾಮಾನ್ಯ ಹಾರಾಟದಲ್ಲಿ ಅದು ಆಟೊ ಸ್ಥಾನದಲ್ಲೇ ಇರುತ್ತದೆ. ಹಿಂದಕ್ಕೆ ಎಳೆದರೆ ಫೆದರ್, ಅಂದರೆ ಪ್ರೊಪೆಲರ್ ರೆಕ್ಕೆಗಳು ಗಾಳಿಗೆ ಅಂಚು ಕೊಟ್ಟು ನಿಲ್ಲುತ್ತವೆ, ತಳ್ಳುವ ಬಲ ಹೋಗುತ್ತದೆ.

2023ರ ಜನವರಿ 15ರಂದು ನೇಪಾಳದ ಪೋಖರಾದಲ್ಲಿ ಯೇತಿ ಏರ್‌ಲೈನ್ಸ್‌ನ ಎಟಿಆರ್ 72-500ಕ್ಕೆ ಆದದ್ದು ಇದೇ. ವಿಮಾನ ನಡೆಸುತ್ತಿದ್ದವರು ಫ್ಲ್ಯಾಪ್ 30 ಕೇಳಿದರು. ಪಕ್ಕದಲ್ಲಿ ಕೂತು ಗಮನಿಸುವ ಮಾನಿಟರಿಂಗ್ ಪೈಲಟ್‌ನ ಕೈ ಫ್ಲ್ಯಾಪ್ ಲಿವರ್‌ಗೆ ಹೋಗುವ ಬದಲು ಎರಡೂ ಕಂಡೀಶನ್ ಲಿವರ್‌ಗಳನ್ನು ಫೆದರ್‌ಗೆ ಎಳೆಯಿತು. ಎಂಜಿನ್‌ನಿಂದ ಪವರ್ ಬರುತ್ತಿಲ್ಲ ಎಂಬ ಮಾತು ಬಂದರೂ ಕಾರಣ ಯಾರಿಗೂ ಹೊಳೆಯಲಿಲ್ಲ. 72 ಜನ ಸತ್ತರು. ಲಿವರ್ ಎಳೆದವರು ಇನ್‌ಸ್ಟ್ರಕ್ಟರ್, ಹೊಸಬರಲ್ಲ. ಹಾಗಾಗಿ ಅಭ್ಯಾಸವಾದ ಮೇಲೆ ಸರಿಹೋಗುತ್ತದೆ ಎಂದುಕೊಳ್ಳಬೇಡಿ. ಫ್ಲ್ಯಾಪ್ ಕೇಳಿದಾಗ ಮೊದಲು ವೇಗ ಮಿತಿಯೊಳಗಿದೆಯೇ ನೋಡಿ, ಬಾಯಲ್ಲಿ ಹೇಳಿ, ಕಣ್ಣು ಲಿವರ್‌ನ ಮೇಲಿಟ್ಟು ಸರಿಸಿ, ಕಡೆಗೆ ಫ್ಲ್ಯಾಪ್ ನಿಜವಾಗಿ ಇಳಿಯಿತೇ ಎಂದು ಸೂಚಕದಲ್ಲಿ ಓದಿ ಆಮೇಲಷ್ಟೇ ಉತ್ತರ ಕೊಡಿ. ಹೊಸಬರು ಬಿಡುವುದು ಈ ಕೊನೆಯ ಹೆಜ್ಜೆಯನ್ನು.

ಎರಡನೆಯದು ಎಂಜಿನ್ ಕೈಕೊಟ್ಟಾಗಿನ ಅವಸರ. ಟೇಕಾಫ್‌ನಲ್ಲಿ ಎಟಿಆರ್ 90 ಶೇಕಡಾ ಟಾರ್ಕ್‌ನಲ್ಲಿ (ಪ್ರೊಪೆಲರನ್ನು ತಿರುಗಿಸುವ ಬಲ) ಹೊರಡುತ್ತದೆ. ಒಂದು ಎಂಜಿನ್ ಸೋತರೆ ಎಟಿಪಿಸಿಎಸ್ ಎಂಬ ವ್ಯವಸ್ಥೆ ಉಳಿದ ಎಂಜಿನನ್ನು ತಾನಾಗಿ 100ಕ್ಕೆ ಏರಿಸುತ್ತದೆ, ಎರಡು ಸೆಕೆಂಡಿನ ಆಸುಪಾಸಿನಲ್ಲಿ ಸೋತ ಕಡೆಯ ಪ್ರೊಪೆಲರನ್ನು ಫೆದರ್ ಮಾಡುತ್ತದೆ. ನಿಮ್ಮ ಪಾಲಿಗಿರುವುದು ರಡ್ಡರ್, ವೇಗ, ಗೇರ್ ಅಪ್. 400 ಅಡಿಗಿಂತ ಕೆಳಗೆ ಬೇರೆ ಯಾವುದಕ್ಕೂ ಕೈ ಹಾಕಬಾರದು. 2015ರ ಫೆಬ್ರುವರಿ 4ರಂದು ತೈಪೆಯಲ್ಲಿ ಟ್ರಾನ್ಸ್‌ಏಷ್ಯಾದ ಎಟಿಆರ್ 72-600ರಲ್ಲಿ ಎರಡನೇ ಎಂಜಿನ್ ಫೆದರ್ ಆಯಿತು, ಆದರೆ ಕ್ಯಾಪ್ಟನ್ ಹಿಂದಕ್ಕೆ ಎಳೆದು ಕೊನೆಗೆ ನಿಲ್ಲಿಸಿದ್ದು ಸರಿಯಾಗಿದ್ದ ಒಂದನೆಯದನ್ನು. 43 ಸಾವು. ಎಂಜಿನ್‌ಗೆ ಸಂಬಂಧಿಸಿದ ಲಿವರ್ ಮುಟ್ಟಿ "ನಂಬರ್ ಒನ್, ಕನ್ಫರ್ಮ್?" ಎಂದು ಕೇಳಿ, ಪಕ್ಕದವರು ತಾವೂ ನೋಡಿ "ಕನ್ಫರ್ಮ್" ಅನ್ನುವ ತನಕ ಸರಿಸಬಾರದೆಂಬ ನಿಯಮ ಇರುವುದು ಇದಕ್ಕೇ.

ಲ್ಯಾಂಡಿಂಗ್‌ನಲ್ಲಿ ಹಳೆಯ ಕೈಚಳಕ ನಡೆಯುವುದಿಲ್ಲ. ಸೆಸ್ನಾದಲ್ಲಿ ಥ್ರಾಟಲ್ ಮುಚ್ಚಿ ತೇಲಿಸಿದಂತೆ ಇಲ್ಲಿ ಬೇಗ ಐಡಲ್‌ಗೆ ತಂದರೆ ಸುಮಾರು ನಾಲ್ಕು ಮೀಟರ್ ಅಗಲದ ಎರಡು ಪ್ರೊಪೆಲರ್‌ಗಳೂ ಗಾಳಿಗೆ ಅಡ್ಡ ನಿಂತು ಬ್ರೇಕಿನಂತಾಗುತ್ತವೆ, ವಿಮಾನ ಧೊಪ್ಪನೆ ಕೂರುತ್ತದೆ. ಪವರ್ ತಗ್ಗಿಸುವುದು ಸುಮಾರು 20 ಅಡಿಯಲ್ಲಿ, ಮೂಗು ಎತ್ತುವ ಫ್ಲೇರ್ ಜತೆಜತೆಗೇ. ನೆಲ ಮುಟ್ಟಿದ ಮೇಲೆ ಎರಡೂ ಕಡೆಯ ಲೋ ಪಿಚ್ ದೀಪ (ಪ್ರೊಪೆಲರ್ ಹಿಮ್ಮುಖ ಎಳೆತಕ್ಕೆ ಸಿದ್ಧ ಎಂಬ ಸೂಚನೆ) ಹತ್ತಿತೇ ಎಂದು ನೋಡಿ ಹೇಳದೆ ರಿವರ್ಸ್ ಇಲ್ಲ. ಒಂದೇ ದೀಪ ಹತ್ತಿದಾಗ ರಿವರ್ಸ್ ಎಳೆದರೆ ವಿಮಾನ ಒಂದು ಬದಿಗೆ ತಿರುಗಿಕೊಳ್ಳುತ್ತದೆ.

ನೆಲದ ಮೇಲೆ ಇನ್ನೊಂದು ವಿಚಿತ್ರವಿದೆ. ಎಟಿಆರ್‌ಗೆ ಎಪಿಯು (ನೆಲದ ಮೇಲೆ ಕರೆಂಟು ಕೊಡುವ ಸಣ್ಣ ಎಂಜಿನ್) ಇಲ್ಲ. ಬಲಗಡೆ ಎಂಜಿನ್‌ನ ಪ್ರೊಪೆಲರಿಗೆ ಬ್ರೇಕ್ ಹಾಕಿ ಎಂಜಿನನ್ನು ಮಾತ್ರ ಓಡಿಸಿ ಕರೆಂಟು, ತಂಪುಗಾಳಿ ಪಡೆಯುತ್ತಾರೆ. ಇದಕ್ಕೆ ಹೋಟೆಲ್ ಮೋಡ್ ಎನ್ನುತ್ತಾರೆ. ಬ್ರೇಕ್ ಬಿಟ್ಟ ಕೂಡಲೇ ಪ್ರೊಪೆಲರ್ ತಿರುಗುತ್ತದೆ. ನೆಲದ ಸಿಬ್ಬಂದಿಯ ಹೆಬ್ಬೆರಳು ಮೇಲೇಳದೆ ಬಿಡಬೇಡಿ.

ಪ್ರಶ್ನೆ: ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಇರುವುದೇ ಮುಕ್ಕಾಲು ಗಂಟೆ. ಇಂಥ ಸಣ್ಣ ಹಾರಾಟ ಕಲಿಯುವವರಿಗೆ ಸುಲಭವಲ್ಲವೇ?
— ಓದುಗರು, ಭದ್ರಾವತಿ

ಉತ್ತರ: ಉಲ್ಟಾ. ಲೆಕ್ಕ ಹಾಕಿ ನೋಡಿ. ನೇರ ದೂರ ಸುಮಾರು 130 ನಾಟಿಕಲ್ ಮೈಲು. ಪಶ್ಚಿಮಕ್ಕೆ ಹೋಗುವುದರಿಂದ ಸಮಸಂಖ್ಯೆಯ ಮಟ್ಟ ಬೇಕು, 14 ಸಾವಿರ ಅಡಿ ಎಂದಿಟ್ಟುಕೊಳ್ಳಿ. ಕೆಂಪೇಗೌಡ ನಿಲ್ದಾಣವೇ 3 ಸಾವಿರ ಅಡಿ ಎತ್ತರದಲ್ಲಿದೆ. ಉಳಿದ 11 ಸಾವಿರ ಏರುವಷ್ಟರಲ್ಲಿ 35 ಮೈಲು ಕಳೆಯುತ್ತದೆ. ಇಳಿಯುವಾಗ ಶಿವಮೊಗ್ಗದ ನೆಲ ಇನ್ನೂ ತಗ್ಗು, ಸಾವಿರ ಅಡಿಗೆ ಮೂರು ಮೈಲಿನಂತೆ 12 ಸಾವಿರಕ್ಕೆ 36 ಮೈಲು, ವೇಗ ತಗ್ಗಿಸಲು ಮತ್ತೆ ಏಳೆಂಟು. ಕಳೆದರೆ ನೆಟ್ಟಗೆ ಹಾರುವ ಹಾದಿ ಸುಮಾರು 50 ಮೈಲು, ಅಂದರೆ ಹತ್ತು-ಹನ್ನೊಂದು ನಿಮಿಷ. ಅಷ್ಟರೊಳಗೆ ಶಿವಮೊಗ್ಗದ ಹವೆ ಕೇಳಿ ಬರೆದುಕೊಳ್ಳಬೇಕು, ಲ್ಯಾಂಡಿಂಗ್ ವೇಗ ತೆಗೆಯಬೇಕು, ಅಪ್ರೋಚ್ ಬ್ರೀಫಿಂಗ್ ಮುಗಿಸಬೇಕು, ಕ್ಯಾಬಿನ್‌ಗೆ ತಿಳಿಸಬೇಕು.

ಆದ್ದರಿಂದ ಹಳಬರು ಅರ್ಧ ಕೆಲಸವನ್ನು ಬೆಂಗಳೂರಿನ ಪಾರ್ಕಿಂಗ್‌ನಲ್ಲೇ ಮುಗಿಸಿರುತ್ತಾರೆ. ಲೋಡ್ ಶೀಟ್ ಬಂದೊಡನೆ ಇಳಿಯುವ ತೂಕ ಗೊತ್ತಾಗುತ್ತದೆ, ವೇಗವನ್ನು ಆಗಲೇ ತೆಗೆದಿಡಬಹುದು. ಇಳಿಜಾರಿನಲ್ಲಿ ನೆಲದ ವೇಗವನ್ನು ಐದರಿಂದ ಗುಣಿಸಿದರೆ ಬೇಕಾದ ಇಳಿಕೆಯ ದರ ಸಿಗುತ್ತದೆ: 240 ನಾಟ್ ಇದ್ದರೆ ನಿಮಿಷಕ್ಕೆ 1,200 ಅಡಿ. ಐದು ಮೈಲು ತಡವಾಗಿ ಇಳಿಯಲು ಶುರುಮಾಡಿದರೆ ಸುಮಾರು 1,600 ಅಡಿ ಮೇಲೆ ಉಳಿಯುತ್ತೀರಿ. ಮೊದಲ ತಿಂಗಳು ಕ್ಯಾಪ್ಟನ್‌ಗಳಿಂದ ಬೈಸಿಕೊಳ್ಳುವುದು ಬಹುತೇಕ ಈ ಕಾರಣಕ್ಕೇ.

ಪ್ರಶ್ನೆ: ಕ್ಯಾಪ್ಟನ್ ತಪ್ಪು ಮಾಡುತ್ತಿದ್ದಾರೆ ಅನ್ನಿಸಿದರೆ ಹೊಸಬ ಹೇಗೆ ಹೇಳುವುದು? ಸರ್, ಸರ್ ಅನ್ನುತ್ತಲೇ ಬೆಳೆದವರು ನಾವು.
— ಓದುಗರು, ಉಡುಪಿ

ಉತ್ತರ: ಸರ್ ಅನ್ನಿ, ತೊಂದರೆಯಿಲ್ಲ. ಆದರೆ ವಾಕ್ಯ ಅಲ್ಲಿಗೇ ನಿಲ್ಲಬಾರದು. ನಿಮ್ಮ ಪಕ್ಕದ ಊರಿನ ಉದಾಹರಣೆಯೇ ಇದೆ. 2010ರ ಮೇ 22ರಂದು ಮಂಗಳೂರಿನಲ್ಲಿ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737 ಟೇಬಲ್‌ಟಾಪ್ ರನ್‌ವೇ ದಾಟಿ ಕಣಿವೆಗೆ ಬಿದ್ದಾಗ 158 ಜನ ಸತ್ತರು. ಫಸ್ಟ್ ಆಫೀಸರ್ ಮೂರು ಸಲ ಗೋ ಅರೌಂಡ್ (ಇಳಿಯದೆ ಮತ್ತೆ ಮೇಲೇರಿ) ಎಂದಿದ್ದರು, ಕ್ಯಾಪ್ಟನ್ ಕೇಳದೆ ಇಳಿಸಲು ಹೋದರು ಎಂದು ತನಿಖಾ ವರದಿ ದಾಖಲಿಸಿದೆ.

ಮೊದಲು ಅಂಕಿ ಹೇಳಿ, ಅಭಿಪ್ರಾಯ ಬೇಡ. "ಸ್ವಲ್ಪ ಜಾಸ್ತಿ ಅನ್ಸತ್ತೆ ಸರ್" ಅಂದರೆ ಯಾವ ಪ್ರಯೋಜನವೂ ಇಲ್ಲ. "ಸ್ಪೀಡ್, ಪ್ಲಸ್ ಟ್ವೆಂಟಿ" ಅಂದರೆ ಕೇಳುವವರ ಕಣ್ಣು ತಾನಾಗಿ ಅಲ್ಲಿಗೆ ಹೋಗುತ್ತದೆ. ಮೋಡದಲ್ಲಿದ್ದರೆ 1,000 ಅಡಿಯೊಳಗೆ, ನೆಲ ಕಾಣುತ್ತಿದ್ದರೆ 500 ಅಡಿಯೊಳಗೆ ವೇಗ, ಇಳಿಕೆ, ಗೇರ್, ಫ್ಲ್ಯಾಪ್ ಎಲ್ಲ ಸ್ಥಿರವಾಗಿರಬೇಕು. ಇಲ್ಲವೆಂದರೆ ಹೇಳಬೇಕಾದ್ದು "ಅನ್‌ಸ್ಟೇಬಲ್, ಗೋ ಅರೌಂಡ್", ಮತ್ತೇನೂ ಅಲ್ಲ. ಎರಡು ಸಲ ಕರೆದರೂ ಸರಿಯಾದ ಉತ್ತರ ಬರದಿದ್ದರೆ ಆ ಪೈಲಟ್ ಅಶಕ್ತ ಎಂದೇ ಭಾವಿಸಿ "ಐ ಹ್ಯಾವ್ ಕಂಟ್ರೋಲ್" ಎಂದು ವಿಮಾನವನ್ನು ಕೈಗೆ ತೆಗೆದುಕೊಳ್ಳಲು ಸಾಕಷ್ಟು ಕಂಪನಿಗಳ ಕೈಪಿಡಿಗಳು ಅವಕಾಶ ಕೊಟ್ಟಿವೆ. ನಿಮ್ಮ ಕಂಪನಿಯದರಲ್ಲಿ ಆ ಪುಟ ಎಲ್ಲಿದೆ ಎಂದು ಸೇರಿದ ವಾರವೇ ಹುಡುಕಿ ಓದಿ. ಸಿಮ್‌ನಲ್ಲಿ ಒಮ್ಮೆಯಾದರೂ ಬಾಯಿಬಿಟ್ಟು ಹೇಳಿ ನೋಡದವರಿಗೆ ನಿಜವಾದ ಹೊತ್ತಿನಲ್ಲಿ ಆ ಮೂರು ಶಬ್ದ ಗಂಟಲಿನಿಂದ ಹೊರಡುವುದಿಲ್ಲ.

ಪ್ರಶ್ನೆ: ಮಗಳು ಈಗಷ್ಟೇ ಕೆಲಸಕ್ಕೆ ಸೇರಿದ್ದಾಳೆ. ಬೆಳಗಿನ ಜಾವ ಮೂರಕ್ಕೆ ಏಳುತ್ತಾಳೆ, ನೆಗಡಿಯಾದರೆ ಮನೆಮದ್ದನ್ನೂ ಮುಟ್ಟುವುದಿಲ್ಲ. ಇಷ್ಟೊಂದು ಹೆದರಿಕೆ ಬೇಕೇ?
— ಒಬ್ಬ ತಾಯಿ, ಶಿವಮೊಗ್ಗ

ಉತ್ತರ: ಬೇಕು ಅಮ್ಮ, ಆಕೆ ಮಾಡುತ್ತಿರುವುದು ಸರಿಯಾಗಿಯೇ ಇದೆ. ಹಾರಾಟಕ್ಕೆ ಮೊದಲು ಉಸಿರಿನ ಪರೀಕ್ಷೆ ಇರುತ್ತದೆ, ಅದರಲ್ಲಿ ಮದ್ಯದ ಅಂಶ ಸೊನ್ನೆ ಬರಬೇಕು. ಮೊದಲ ಸಲ ಸಿಕ್ಕಿಬಿದ್ದರೆ ಲೈಸೆನ್ಸ್ ಮೂರು ತಿಂಗಳು ಅಮಾನತು, ಎರಡನೇ ಸಲ ಮೂರು ವರ್ಷ, ಮೂರನೇ ಸಲ ರದ್ದು. ಕುಡಿಯದವರಿಗೇನು ಭಯ ಎನ್ನಬೇಡಿ. ದಶಮೂಲಾರಿಷ್ಟ, ಕುಮಾರ್ಯಾಸವದಂಥ ಅರಿಷ್ಟ-ಆಸವಗಳಲ್ಲಿ ಹುಳಿತು ಹುಟ್ಟಿದ ಮದ್ಯಸಾರ ಇದ್ದೇ ಇರುತ್ತದೆ. ಹೋಮಿಯೋಪಥಿ ಹನಿಗಳಲ್ಲೂ, ಕೆಲವು ಕೆಮ್ಮಿನ ಸಿರಪ್‌ಗಳಲ್ಲೂ, ಮೌತ್‌ವಾಶ್‌ನಲ್ಲೂ ಉಂಟು. ಶುಂಠಿ ಕಷಾಯ ಕೊಡಿ, ಬಾಟಲಿಯ ಔಷಧಿ ಬೇಡ. ಮೂಗು ಕಟ್ಟಿದ್ದರೆ ರಜೆ ಹಾಕಲು ಹೇಳಿ. ವಿಮಾನ ಇಳಿಯುವಾಗ ಕಿವಿಯೊಳಗಿನ ಒತ್ತಡ ಸರಿಹೋಗದಿದ್ದರೆ ತಮಟೆಗೆ ಪೆಟ್ಟಾಗಿ ವಾರಗಟ್ಟಲೆ ಮನೆಯಲ್ಲಿ ಕೂರಬೇಕಾಗುತ್ತದೆ.

ನಿದ್ದೆಯ ವಿಷಯಕ್ಕೆ ಬಂದರೆ, 2025ರ ಜುಲೈಯಿಂದ ವಾರದ ವಿಶ್ರಾಂತಿ 36 ಗಂಟೆಯಿಂದ 48ಕ್ಕೆ ಏರಿದೆ. ಆ ಎರಡು ದಿನ ನೆಂಟರಿಷ್ಟರ ಮನೆಗೆ ಕರೆದೊಯ್ಯದೆ ಮಲಗಲು ಬಿಡಿ.

ಪ್ರಶ್ನೆ: ಬಾಂಡ್‌ಗೆ ಸಹಿ ಹಾಕುವ ಮೊದಲು ಏನು ನೋಡಬೇಕು?
— ಓದುಗರು, ಬೆಳಗಾವಿ

ಉತ್ತರ: ಅವಧಿ ಎಂದಿನಿಂದ ಶುರು ಎಂಬುದನ್ನು. ಸೇರಿದ ದಿನದಿಂದ ಎಂದಿದ್ದರೆ ಒಂದು ಮಾತು, ಲೈನ್ ರಿಲೀಸ್ (ತರಬೇತಿ ಮುಗಿಸಿ ಮಾಮೂಲಿ ಹಾರಾಟಕ್ಕೆ ಬಿಡುವುದು) ಆದ ದಿನದಿಂದ ಎಂದಿದ್ದರೆ ತರಬೇತಿ ತಡವಾದಷ್ಟೂ ನೀವೇ ಹೆಚ್ಚು ದಿನ ಕಟ್ಟಿಬೀಳುತ್ತೀರಿ. ಸಿಮ್ ಚೆಕ್‌ನಲ್ಲಿ ಫೇಲಾದರೆ ಹೆಚ್ಚುವರಿ ಸೆಷನ್‌ಗಳ ಖರ್ಚು ಯಾರದು, ಮೆಡಿಕಲ್ ಹೋದರೆ ಹಣ ಕಟ್ಟಬೇಕೇ, ಬಾಂಡ್ ಮೊತ್ತ ತಿಂಗಳು ತಿಂಗಳು ಇಳಿಯುತ್ತದೆಯೇ — ಇವನ್ನು ಬರಹದಲ್ಲಿ ಕೇಳಿ. ಬಾಂಡ್ ಮುಗಿದ ಮೇಲೂ ನೋಟಿಸ್ ಅವಧಿ ಬೇರೆಯೇ: 2017ರಲ್ಲಿ ಡಿಜಿಸಿಎ ಫಸ್ಟ್ ಆಫೀಸರ್‌ಗಳಿಗೆ ಆರು ತಿಂಗಳು, ಕಮಾಂಡರ್‌ಗಳಿಗೆ ಒಂದು ವರ್ಷ ಎಂದು ನಿಗದಿ ಮಾಡಿತು.

ಪ್ರಶ್ನೆ: ನಮ್ಮ ಸೆಖೆಯ ನಾಡಿನಲ್ಲಿ ವಿಮಾನದ ಮೇಲೆ ಹಿಮಗಟ್ಟುವ ಪಾಠಕ್ಕೆ ಇಷ್ಟು ಒತ್ತು ಯಾಕೆ?
— ಓದುಗರು, ಕಲಬುರಗಿ

ಉತ್ತರ: ಮಳೆಗಾಲದಲ್ಲಿ ಕರ್ನಾಟಕದ ಮೇಲೆ ಸೊನ್ನೆ ಡಿಗ್ರಿ ಸಿಗುವುದು 16-17 ಸಾವಿರ ಅಡಿಯ ಹತ್ತಿರ. ಎಟಿಆರ್ ಓಡಾಡುವುದೂ ಅಲ್ಲಿಯೇ. ಹಾರಾಟದಲ್ಲಿ ಟಿಎಟಿ (ವಿಮಾನದ ವೇಗದಿಂದ ಗಾಳಿಗೆ ಬರುವ ಬಿಸಿಯೂ ಸೇರಿದ ಹೊರಗಿನ ಉಷ್ಣತೆ) 7 ಡಿಗ್ರಿ ಅಥವಾ ಕಡಿಮೆ, ಜತೆಗೆ ಮೋಡ ಅಥವಾ ಮಳೆ, ಇವೆರಡೂ ಕೂಡಿದರೆ ಹಿಮದ ಸ್ಥಿತಿ ಎಂದೇ ಲೆಕ್ಕ. ಆಗ ಪ್ರೊಪೆಲರ್ ಮತ್ತು ಹಾರ್ನ್‌ಗಳ (ತಿರುಗುವ ಫಲಕಗಳ ತುದಿ) ಹೀಟಿಂಗ್ ಹಾಕಬೇಕು, ಕನಿಷ್ಠ ವೇಗವನ್ನು ಏರಿಸಿಕೊಳ್ಳಬೇಕು. ನಿಜವಾಗಿ ಹಿಮ ಕಂಡರೆ ರೆಕ್ಕೆಯಂಚಿನ ರಬ್ಬರ್ ಬೂಟ್‌ಗಳು. ಹಿಮ ಮೊದಲು ಕಾಣಿಸುವ ಕಡ್ಡಿ ಎಡಗಡೆ ಕಿಟಕಿಯ ಹೊರಗಿದೆ. ಕ್ಯಾಪ್ಟನ್‌ರನ್ನು ಕೇಳಿ.

ಪ್ರಶ್ನೆ: ಮೊದಲ ದಿನ ಬ್ಯಾಗಿನಲ್ಲಿ ಏನಿರಬೇಕು?
— ಓದುಗರು, ಮೈಸೂರು

ಉತ್ತರ: ಲೈಸೆನ್ಸ್, ಮೆಡಿಕಲ್, ಪ್ರವೇಶ ಪಾಸು, ಮಿನುಗುವ ಜಾಕೆಟ್, ವಿಮಾನ ಸುತ್ತಿ ನೋಡಲು ಒಳ್ಳೆಯ ಟಾರ್ಚು, ಇಯರ್ ಪ್ಲಗ್. ಕನ್ನಡಕ ಹಾಕುವವರಾದರೆ ಎರಡನೇ ಜೋಡಿ ಕಡ್ಡಾಯ, ಮೆಡಿಕಲ್‌ನಲ್ಲೇ ಹಾಗೆ ಬರೆದಿರುತ್ತದೆ. ಅದನ್ನು ಮೇಲಿನ ಕಂಪಾರ್ಟ್‌ಮೆಂಟಿನ ಸೂಟ್‌ಕೇಸಿನಲ್ಲಲ್ಲ, ಕೂತಲ್ಲಿಂದ ಕೈಗೆಟಕುವ ಜೇಬಿನಲ್ಲಿ ಇಡಿ.