'ಬಸವಳಿಯುವುದು' ಪದದ ಮೂಲ ಏನು? ಅದನ್ನು ಯಾವಾಗ ಬಳಸಬೇಕು? ದಣಿದು ಬೀಳುವ ಎತ್ತಿನಿಂದ ಬಂತು ಅಂತ ಕೇಳಿದ್ದೇನೆ, ಬಸವನಿಗೂ ಅದಕ್ಕೂ ಸಂಬಂಧ ಇದೆಯೇ?

ಇಲ್ಲ. ದಿನವಿಡೀ ಉತ್ತು ಸುಸ್ತಾದ ಎತ್ತು ನೆಲಕ್ಕೆ ಬೀಳುತ್ತದಲ್ಲ, ಅದರಿಂದಲೇ ಈ ಪದ ಬಂತು ಅಂತ ನೀವು ಕೇಳಿದ ವಿವರಣೆಯನ್ನು ಹಾಸನದಲ್ಲಿ ನಾನೂ ಕೇಳಿದ್ದೇನೆ. ಕೇಳಲು ಚೆನ್ನಾಗಿದೆ, ಅಷ್ಟೆ.

ಪದವನ್ನು 'ಬಸ + ಅಳಿ' ಎಂದು ಬಿಡಿಸಬೇಕು. ಮರ + ಅನ್ನು ಸೇರಿ ಮರವನ್ನು ಆಗುವಂತೆ ನಡುವೆ ವಕಾರ ಬಂದು ಕೂತಿದೆ. 'ಬಸ' ಅಂದರೆ ಸಂಸ್ಕೃತದ 'ವಶ'ದ ತದ್ಭವ. ವಕಾರ ಬಕಾರವಾಗುವುದು ಕನ್ನಡದಲ್ಲಿ ಮಾಮೂಲು: ವನ ಬನವಾಯಿತು, ವಸತಿ ಬಸದಿಯಾಯಿತು. ನಮ್ಮ ಬೇಲೂರನ್ನೇ ನೋಡಿ, ಹಳೆಯ ಹೆಸರು ವೇಲಾಪುರಿ. ಇನ್ನು ಶಕಾರ ಸಕಾರವಾಗುವುದಕ್ಕೆ ಕಲಶ ಕಳಸವಾದದ್ದೇ ಸಾಕ್ಷಿ. ತಮಾಷೆ ಏನೆಂದರೆ 'ವೃಷಭ' ಬಸವ ಆದದ್ದೂ ಇದೇ ದಾರಿಯಲ್ಲಿ. ಎರಡೂ ಒಂದೇ ಗಾಣದಲ್ಲಿ ಅರೆದು ಬಂದದ್ದಕ್ಕೆ ಈ ಗೊಂದಲ.

'ಅಳಿ' ಅಂದರೆ ನಾಶವಾಗು, ಇಲ್ಲವಾಗು. ಅಳಿವು ಉಳಿವು, ಅಳಿದುಳಿದದ್ದು ಅಂತೀವಲ್ಲ, ಅದೇ. ಹಳಗನ್ನಡದಲ್ಲಿ ಇದಕ್ಕೆ ಈಗ ಬಿಟ್ಟುಹೋಗಿರುವ ೞ ಅಕ್ಷರ ಇತ್ತು, ಅಂದರೆ 'ಬಸವೞಿ'.

ಹಾಗಾಗಿ ಬಸವಳಿಯುವುದು ಅಂದರೆ ಮೂಲತಃ ದಣಿಯುವುದೇ ಅಲ್ಲ, ಮೈ ನಮ್ಮ ವಶ ತಪ್ಪುವುದು. ಹಳೆಯ ಕಾವ್ಯಗಳಲ್ಲಿ ದುಃಖಕ್ಕೆ ಮೂರ್ಛೆ ಹೋಗುವವರೂ ಬಸವಳಿಯುತ್ತಾರೆ, ಅವರೇನೂ ಗೇಯ್ದಿರಬೇಕಿಲ್ಲ.

ಸಕಲೇಶಪುರದ ಕಡೆ ಈ ಪದವನ್ನು ಯಾರೂ ಬಾಯಲ್ಲಿ ಆಡುವುದಿಲ್ಲ, ಆದರೆ ಅದರ ಅರ್ಥವನ್ನು ದಿನಾ ಆಡುತ್ತಾರೆ. ಕಾಫಿ ಹಣ್ಣು ಕುಯ್ಯುವ ಕಾಲದಲ್ಲಿ ಸಂಜೆ ತೂಕಕ್ಕೆ ನಿಂತವರನ್ನು ನೋಡಬೇಕು. ಒಮ್ಮೆ ವಯಸ್ಸಾದ ಹೆಂಗಸೊಬ್ಬರು ಸೊಂಟಕ್ಕೆ ಕಟ್ಟಿಕೊಂಡಿದ್ದ ಚೀಲದ ಗಂಟು ಬಿಚ್ಚಲು ಹೋಗಿ ಆಗದೆ, "ಅಪ್ಪಾ, ಇದೊಂದು ಬಿಚ್ಕೊಡು, ಬೆರಳು ನನ್ ಸ್ವಾಧೀನದಲ್ಲೇ ಇಲ್ಲ" ಅಂದರು. ಹಣ್ಣಿನ ಅಂಟಿಗೆ ಮಣ್ಣು ಮೆತ್ತಿ ಬೆರಳೆಲ್ಲ ಕಪ್ಪಾಗಿತ್ತು, ಮಡಚಲೂ ಬರುತ್ತಿರಲಿಲ್ಲ. ಸ್ವಾಧೀನ ತಪ್ಪುವುದು, ವಶ ಅಳಿಯುವುದು, ಎರಡೂ ಒಂದೇ ತಾನೆ? ನನಗಂತೂ ಯಾವ ನಿಘಂಟಿನ ಅರ್ಥಕ್ಕಿಂತ ಇದೇ ಸರಿ ಅನ್ನಿಸುತ್ತದೆ.

ನಾವು ದಿನಾ ಬಳಸುವ 'ಸುಸ್ತು' ಪಾರ್ಸಿಯಿಂದ ಬಂದದ್ದು. ಅಲ್ಲಿ 'ಸುಸ್ತ್' ಅಂದರೆ ಸಡಿಲ, ಮಂದ. ಹಿಂದಿಯಲ್ಲಿ ಇವತ್ತಿಗೂ ಸೋಮಾರಿಗೆ ಹಾಗೆ ಅನ್ನುತ್ತಾರೆ. ಕನ್ನಡಕ್ಕೆ ಬಂದಮೇಲೆ ಪಾಪ ಬೈಗುಳ ಹೋಗಿ ಬರೀ ಆಯಾಸ ಉಳಿಯಿತು. ಅರಬ್ಬಿಯ 'ಹೈರಾನ್' ಅಂದರೆ ದಿಕ್ಕು ತೋಚದವನು, ನಮ್ಮ 'ಹೈರಾಣ' ಅದೇ. ಅಚ್ಚಗನ್ನಡದ 'ದಣಿ' ಇವೆಲ್ಲಕ್ಕಿಂತ ವಿಚಿತ್ರ: ಆಯಾಸವೂ ಹೌದು, ತೃಪ್ತಿಯೂ ಹೌದು. ಕಣ್ದಣಿಯೆ ನೋಡು ಅಂದರೆ ಕಣ್ಣು ನೋಯುವಷ್ಟು ನೋಡು ಅಂತಲ್ಲ, ಕಣ್ಣು ತುಂಬುವಷ್ಟು ನೋಡು ಅಂತ.

ಬಳಕೆಯ ಬಗ್ಗೆಯೂ ಕೇಳಿದ್ದೀರಿ. ಆಫೀಸಿನಿಂದ ಬಂದು ಕಾಫಿ ಕುಡಿದರೆ ಹೋಗುವ ಸುಸ್ತಿಗೆ ಈ ಪದ ಭಾರವಾಯಿತು. ಬರಗಾಲಕ್ಕೆ ಬಸವಳಿದ ರೈತ, ಬಿಸಿಲಿಗೆ ಬಸವಳಿದ ಜನ ಅಂತ ಪತ್ರಿಕೆಯವರು ಬರೆಯುವುದು ಸರಿಯಾಗಿಯೇ ಇದೆ. ಬರೆಯುವಾಗ ಮಾತ್ರ 'ಬಸವ ಅಳಿದ' ಅಂತ ಬಿಡಿಸಬೇಡಿ, ಆಗ ನಿಜವಾಗಿಯೂ ಎತ್ತು ಸತ್ತಂತಾಗುತ್ತದೆ.