ಐದು ಹೆಣ್ಣಿಗೆ ನಾಲ್ಕು ಗಂಡು: ಹಿತ್ತಿಲ ಬಾತುಗಳ ರಂಪಕ್ಕೆ ಏನು ಮದ್ದು?

ಹಿತ್ತಿಲಲ್ಲಿ ಬಾತುಕೋಳಿ ಸಾಕಿರುವ ಓದುಗರ ಪ್ರಶ್ನೆಗಳಿಗೆ ಪಶುವೈದ್ಯರ ಉತ್ತರ

ಪ್ರಶ್ನೆ: ಸರ್, ನಮ್ಮದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಪಕ್ಕದ ಊರು. ಹೋದ ಸುಗ್ಗಿಯಲ್ಲಿ ಗದ್ದೆ ಬಯಲಿಗೆ ಬಾತು ಮೇಯಿಸಲು ಬಂದವರ ಹತ್ತಿರ ಒಂಬತ್ತು ಮರಿ ತಗೊಂಡೆವು. ಬೆಳೆದ ಮೇಲೆ ನೋಡಿದರೆ ನಾಲ್ಕು ಗಂಡು, ಐದು ಹೆಣ್ಣು. ಬೆಳಗಾದರೆ ಸಾಕು, ಗಂಡುಗಳು ಹೆಣ್ಣನ್ನು ಅಟ್ಟಾಡಿಸಿಕೊಂಡು ಹೋಗಿ ಮೇಲೆ ಬೀಳುತ್ತವೆ. ಒಂದು ಹೆಣ್ಣಿಗೆ ಕತ್ತಿನ ಹಿಂದೆ ಪುಕ್ಕ ಉದುರಿ ರಕ್ತ ಬಂದಿದೆ, ಕಾಲೂ ಎಳೆಯುತ್ತಿದೆ. ಒಂದು ಗಂಡಂತೂ ನಮ್ಮ ನಾಟಿ ಕೋಳಿಗಳನ್ನೂ ಬಿಡುತ್ತಿಲ್ಲ. ‘ಸೀಸನ್ ಕಳೆದರೆ ತಾನೇ ತಣ್ಣಗಾಗ್ತವೆ’ ಅಂತ ಒಬ್ಬರು ಹೇಳಿದರು. ಕಾಯಬಹುದಾ?
(ಪಾಂಡವಪುರ ತಾಲ್ಲೂಕಿನ ಓದುಗರು)

ಉತ್ತರ: ಕಾಯಬೇಡಿ. ಗಾಯವಾದ ಹೆಣ್ಣನ್ನು ಇವತ್ತೇ ಬೇರೆ ಮಾಡಿ. ಈ ವಾರದೊಳಗೆ ಮೂರು ಗಂಡುಗಳಿಗೆ ಬೇರೆ ದಾರಿ ನೋಡಿ. ಒಂದು ಗಂಡಿಗೆ ಐದಾರು ಹೆಣ್ಣು ಇರಬೇಕು, ಹಿತ್ತಿಲ ಹಿಂಡಿಗೆ ಇದೇ ಲೆಕ್ಕ. ನಿಮ್ಮಲ್ಲಿರುವ ಐದು ಹೆಣ್ಣಿಗೆ ಒಂದೇ ಗಂಡು ಧಾರಾಳವಾಯಿತು. ನಿಮಗೆ ಮರಿ ಕೊಟ್ಟವರ ಹಿಂಡನ್ನೇ ನೆನಪು ಮಾಡಿಕೊಳ್ಳಿ, ಅಷ್ಟು ದೊಡ್ಡ ಹಿಂಡಿನಲ್ಲಿ ಗಂಡು ತೀರಾ ಕಡಿಮೆ ಇರುತ್ತವೆ. ದಿನವೆಲ್ಲ ಬಾತಿನ ಹಿಂದೆ ನಡೆಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ.

ಸೀಸನ್ ಮಾತು ಬಹುಶಃ ಹೊರದೇಶದ ವಿಡಿಯೋಗಳಿಂದ ಬಂದದ್ದು. ಬಾತಿನ ಬೆದೆಗೂ ಹಗಲಿನ ಉದ್ದಕ್ಕೂ ನಂಟಿದೆ. ಚಳಿದೇಶಗಳಲ್ಲಿ ಡಿಸೆಂಬರ್ ಹಗಲು ಎಂಟು ಗಂಟೆಗೆ ಇಳಿಯುತ್ತದೆ, ಆಗ ಗಂಡುಗಳ ಉಮೇದು ನಿಜವಾಗಿಯೂ ಆರುತ್ತದೆ. ನಮ್ಮ ಮಂಡ್ಯ ಸೀಮೆಯಲ್ಲಿ ಡಿಸೆಂಬರ್ ಹಗಲೇ 11 ಗಂಟೆ ದಾಟುತ್ತದೆ, ಜೂನ್‌ನಲ್ಲಿ 13 ಗಂಟೆಯ ಹತ್ತಿರ. ಇಷ್ಟು ಸಣ್ಣ ವ್ಯತ್ಯಾಸ ನಂಬಿಕೊಂಡು ಕೂತರೆ ಅಷ್ಟರಲ್ಲಿ ಒಂದೆರಡು ಹೆಣ್ಣು ಸತ್ತಿರುತ್ತವೆ. ಗೂಡಿನ ಮೇಲೆ ರಾತ್ರಿಯಿಡೀ ಬಲ್ಬ್ ಉರಿಸುವ ಅಭ್ಯಾಸವಿದ್ದರೆ ಅದನ್ನೂ ನಿಲ್ಲಿಸಿ, ಹಗಲನ್ನು ನೀವೇ ಉದ್ದ ಮಾಡಿದಂತಾಗುತ್ತದೆ. ಮುಂಗುಸಿ, ನಾಯಿ ಭಯಕ್ಕೆ ದೀಪಕ್ಕಿಂತ ಗಟ್ಟಿ ಚಿಲಕ ಮೇಲು.

ಹಾಗಂತ ಕೂಡುವುದನ್ನೆಲ್ಲ ಕಂಡು ಗಾಬರಿಯಾಗಬೇಡಿ. ಸರಿಯಾದ ಕೂಟ ಹೇಗಿರುತ್ತದೆಂದು ತೊಟ್ಟಿಯ ಪಕ್ಕ ನಿಂತು ಒಮ್ಮೆ ನೋಡಿ. ಎರಡೂ ಎದುರಾಬದುರಾಗಿ ತಲೆಯನ್ನು ಮೇಲೆ ಕೆಳಗೆ ಕುಣಿಸುತ್ತವೆ. ಹೆಣ್ಣು ಕತ್ತು ಚಾಚಿ ನೀರಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ. ಗಂಡು ಹತ್ತಿ, ಹೆಣ್ಣಿನ ಕತ್ತಿನ ಹಿಂದಿನ ಪುಕ್ಕವನ್ನು ಕೊಕ್ಕಿನಲ್ಲಿ ಹಿಡಿಯುತ್ತದೆ. ಕೆಲವೇ ಸೆಕೆಂಡಿನಲ್ಲಿ ಮುಗಿದು, ಗಂಡು ಒಂದು ಸುತ್ತು ಈಜಿದರೆ ಹೆಣ್ಣು ರೆಕ್ಕೆ ಬಡಿದು ಮೈ ತೊಳೆದುಕೊಳ್ಳುತ್ತದೆ. ತಲೆ ಕುಣಿಸುವುದೂ ಇಲ್ಲದೆ, ಹೆಣ್ಣು ಕಿರುಚಿಕೊಂಡು ಓಡಿ ಮೂಲೆ ಸೇರುವುದು, ಒಂದರ ಮೇಲೊಂದು ಗಂಡು ಬೀಳುವುದು, ಹೊರಗೆ ಬರಲು ಹೆದರಿ ಮೇವಿಗೂ ಬಾರದಿರುವುದು ಕಂಡರೆ ಹಿಂಡು ಕೆಟ್ಟಿದೆ ಎಂದರ್ಥ. ಪುಕ್ಕ ಸ್ವಲ್ಪ ತೆಳುವಾದರೆ ಚಿಂತೆಯಿಲ್ಲ. ಚರ್ಮ ಕಂಡರೆ ಎಚ್ಚರ. ರಕ್ತ ಬಂದ ಮೇಲೆ ತಡ ಮಾಡುವಂತಿಲ್ಲ.

ಗಾಯವನ್ನು ಉಗುರುಬೆಚ್ಚಗಿನ ಉಪ್ಪುನೀರಿನಲ್ಲಿ ತೊಳೆದು ಪೋವಿಡೋನ್ ಅಯೋಡಿನ್ ಹಚ್ಚಿ. ನೊಣ ಕೂರದಂತೆ ನೋಡಿಕೊಳ್ಳಿ, ನಮ್ಮ ಕಡೆ ಹುಳ ಬೀಳಲು ಎರಡು ದಿನ ಸಾಕು. ದನದ ಗಾಯಕ್ಕೆ ನುಸಿಗುಳಿಗೆ ಪುಡಿ ತುಂಬುವ ರೂಢಿಯನ್ನು ಬಾತಿನ ಮೇಲೆ ಪ್ರಯೋಗಿಸಬೇಡಿ. ಅದು ಕೊಕ್ಕಿನಲ್ಲಿ ಮೈಯೆಲ್ಲ ತೀಡಿಕೊಳ್ಳುವ ಹಕ್ಕಿ, ಪುಡಿ ನೇರ ಹೊಟ್ಟೆಗೆ ಹೋಗುತ್ತದೆ. ಎತ್ತುವಾಗಲೂ ಕೋಳಿಯಂತೆ ಕಾಲು ಹಿಡಿದು ತಲೆಕೆಳಗೆ ಮಾಡಬಾರದು, ಬಾತಿನ ಕಾಲು ಬಹಳ ಸೂಕ್ಷ್ಮ. ಎರಡೂ ಕೈಯಲ್ಲಿ ರೆಕ್ಕೆ ಸಮೇತ ಮೈ ಅವುಚಿ ಹಿಡಿಯಿರಿ. ಒಣಹುಲ್ಲು ಹಾಸಿದ ಜಾಗದಲ್ಲಿ ಬಿಡಿ, ಜೊತೆಗೆ ಇನ್ನೊಂದು ಹೆಣ್ಣನ್ನೂ ಬಿಡಿ. ಒಂಟಿ ಬಾತು ಮೇವು ಬಿಟ್ಟು ಕೊರಗುತ್ತದೆ. ನಡುವೆ ಜಾಲರಿ ಹಾಕಿ ಉಳಿದವು ಕಣ್ಣಿಗೆ ಕಾಣುವಂತಿದ್ದರೆ ವಾಪಸು ಬಿಟ್ಟಾಗ ಜಗಳ ಕಡಿಮೆ. ಎರಡು ಮೂರು ದಿನದಲ್ಲಿ ಕುಂಟು ಕಡಿಮೆಯಾಗದಿದ್ದರೆ ಆಸ್ಪತ್ರೆಗೆ ಕರೆದೊಯ್ಯಿರಿ.

ಯಾವ ಗಂಡನ್ನು ಉಳಿಸಿಕೊಳ್ಳಬೇಕು? ದೊಡ್ಡದು, ಚೆಂದದ್ದು ಎಂದು ಆರಿಸಬೇಡಿ. ತಲೆ ಕುಣಿಸಿ ಹೆಣ್ಣು ಒಪ್ಪುವವರೆಗೆ ಕಾಯುವ ಗಂಡು ನಾಲ್ಕರಲ್ಲಿ ಒಂದಾದರೂ ಇರುತ್ತದೆ, ಅದನ್ನು ಇಟ್ಟುಕೊಳ್ಳಿ. ಉಳಿದ ಮೂರನ್ನು ಸಂತೆಗೆ ಹಾಕುತ್ತೀರೋ, ಸಾರಿಗೆ ಹಾಕುತ್ತೀರೋ ನಿಮ್ಮ ಮನೆ ವಿಚಾರ. ಕೊಯ್ಯಲು, ಮಾರಲು ಮನಸ್ಸಿಲ್ಲದಿದ್ದರೆ ಮೂರನ್ನೂ ಒಟ್ಟಿಗೆ ಬೇರೆ ಕಡೆ ಸಾಕಿ. ಹೆಣ್ಣು ಕಣ್ಣಿಗೆ ಬೀಳದಿದ್ದರೆ ಗಂಡುಗಳಷ್ಟೇ ಇರುವ ಹಿಂಡು ಆಶ್ಚರ್ಯವಾಗುವಷ್ಟು ಶಾಂತವಾಗಿರುತ್ತದೆ. ಮರಿ ಮಾಡಿಸಲು ಗಂಡು ಇಡೀ ದಿನ ಹೆಣ್ಣಿನ ಜೊತೆ ಇರಲೇಬೇಕೆಂದೂ ಇಲ್ಲ. ಒಮ್ಮೆ ಕೂಡಿದ ಹೆಣ್ಣು ಹಲವು ದಿನ ಫಲಿತ ಮೊಟ್ಟೆ ಇಡುತ್ತದೆ. ವಾರಕ್ಕೆ ಎರಡು ಸಲ ಬಿಟ್ಟರೂ ನಡೆಯುತ್ತದೆ.

ನಾಟಿ ಕೋಳಿ ವಿಚಾರವನ್ನು ಹಗುರವಾಗಿ ತಗೊಳ್ಳಬೇಡಿ. ಹುಂಜಕ್ಕೆ ಶಿಶ್ನವೆಂಬುದಿಲ್ಲ, ದ್ವಾರಕ್ಕೆ ದ್ವಾರ ತಾಗಿದರೆ ಕೆಲಸ ಮುಗಿಯಿತು. ಗಂಡು ಬಾತಿಗೆ ತಿರುಚಿಕೊಂಡ ಉದ್ದನೆಯ ಶಿಶ್ನವಿದೆ. ಹೇಂಟೆಯ ಒಳಗೆ ಹರಿದು ಸಾಯುವುದೂ ಉಂಟು. ಆ ಗಂಡನ್ನು ಕೋಳಿಗಳಿಂದ ಪೂರ್ತಿ ದೂರ ಇಡಿ. ಕಳಿಸಬೇಕಾದ ಮೂರರಲ್ಲಿ ಅದೇ ಮೊದಲನೆಯದಾಗಲಿ.

ಜಾಗವನ್ನೂ ಒಮ್ಮೆ ಅಳೆದು ನೋಡಿ. ರಾತ್ರಿ ಗೂಡಿನಲ್ಲಿ ಒಂದಕ್ಕೆ 3 ಚದರ ಅಡಿ, ಹಗಲು ಓಡಾಡಲು 10ರಿಂದ 15 ಚದರ ಅಡಿ ಬೇಕು. ನೀರು ಅಗಲವಾಗಿರಲಿ. ಕಿರಿದಾದ ಆಳದ ತೊಟ್ಟಿಯಲ್ಲಿ ಎರಡು ಗಂಡು ಒಂದೇ ಹೆಣ್ಣಿನ ಮೇಲೆ ಬಿದ್ದರೆ ಈಜು ಬಲ್ಲ ಹಕ್ಕಿಯೂ ಮುಳುಗಿ ಸಾಯುತ್ತದೆ. ಹಾಗೆಂದು ನೀರೇ ಇಲ್ಲದೆ ಸಿಮೆಂಟ್ ನೆಲದ ಮೇಲೆ ಬಿಟ್ಟರೆ ಗಂಡಿನ ಭಾರವೆಲ್ಲ ಹೆಣ್ಣಿನ ಬೆನ್ನು, ಕಾಲಿಗೆ ಬೀಳುತ್ತದೆ. ಮುಕ್ಕಾಲು ಅಡಿ ನೀರು ನಿಲ್ಲುವ ಅಗಲದ ಹೊಂಡ, ಒಂದು ಕಡೆ ಇಳಿಜಾರು, ಇಷ್ಟಿದ್ದರೆ ಸಾಕು.

ಪ್ರಶ್ನೆ: ಡಾಕ್ಟ್ರೇ, ನಮ್ಮ ಗಂಡು ಬಾತಿನ ಹಿಂದುಗಡೆ ನಿನ್ನೆ ಸಂಜೆಯಿಂದ ಕೆಂಪಗೆ ಹುಳದಂಥದ್ದು ಜೋತಾಡ್ತಿದೆ. ಕರುಳು ಹೊರಗೆ ಬಂತಾ? ಮಣ್ಣೆಲ್ಲ ಮೆತ್ತಿಕೊಂಡಿದೆ.
(ಮದ್ದೂರಿನ ಓದುಗರು)

ಉತ್ತರ: ಕರುಳಲ್ಲ, ಮೇಲೆ ಹೇಳಿದ ಶಿಶ್ನವೇ ಒಳಗೆ ಹೋಗದೆ ಸಿಕ್ಕಿಕೊಂಡಿದೆ. ಅತಿಯಾಗಿ ಕೂಡಿದಾಗ, ಕೊಳಕು ನೀರಿನಿಂದ ಸೋಂಕಾದಾಗ, ಬೇರೆ ಬಾತು ಕುಕ್ಕಿದಾಗ ಹೀಗಾಗುತ್ತದೆ. ಮೊದಲು ಅದನ್ನು ಒಂಟಿ ಮಾಡಿ, ಇಲ್ಲವಾದರೆ ಉಳಿದವು ಹುಳವೆಂದೇ ತಿಳಿದು ಕಿತ್ತು ಹಾಕುತ್ತವೆ. ಶುದ್ಧ ನೀರಿನಲ್ಲಿ ಮಣ್ಣು ಬಿಡಿಸಿ, ಸಕ್ಕರೆಯನ್ನು ಗಟ್ಟಿಯಾಗಿ ಕದಡಿದ ನೀರನ್ನು ಹತ್ತು ನಿಮಿಷ ಸುರಿಯುತ್ತಿರಿ, ಊತ ಇಳಿಯುತ್ತದೆ. ಬೆರಳಲ್ಲಿ ಬಲವಂತವಾಗಿ ಒಳಗೆ ತಳ್ಳಲು ಹೋಗಬೇಡಿ. ಒಣಗದಂತೆ ಒದ್ದೆ ಬಟ್ಟೆ ಸುತ್ತಿ, ನಿನ್ನೆ ಸಂಜೆಯಿಂದ ಇದೆ ಅಂತೀರಿ, ಇವತ್ತೇ ಪಶುವೈದ್ಯರಿಗೆ ತೋರಿಸಿ. ತುದಿ ಕಪ್ಪಾಗಿದ್ದರೆ ಕತ್ತರಿಸಬೇಕಾಗಬಹುದು. ಬಾತು ಮೂತ್ರ ಮಾಡುವುದು ಅದರಿಂದಲ್ಲ. ಹಾಗಾಗಿ ಕತ್ತರಿಸಿದರೂ ಆರಾಮಾಗಿ ಬದುಕುತ್ತದೆ, ಮರಿ ಮಾಡಿಸಲು ಮಾತ್ರ ಬಾರದು. ವಾಸಿಯಾದರೂ ಕೆಲವು ವಾರ ಹೆಣ್ಣಿನ ಸಹವಾಸ ಬೇಡ.

ಪ್ರಶ್ನೆ: ಕುವೆಂಪುನಗರದಲ್ಲಿ ನಮ್ಮ ಮನೆ ಹಿಂದೆ ಖಾಕಿ ಕ್ಯಾಂಪ್‌ಬೆಲ್ ತಳಿಯ ಮೂರು ಬಾತು ಇವೆ, ಮೂರೂ ಹೆಣ್ಣು, ಚೆನ್ನಾಗಿ ಮೊಟ್ಟೆ ಇಡುತ್ತವೆ. ಈಚೆಗೆ ಒಂದು ಉಳಿದೆರಡರ ಮೇಲೆ ಗಂಡಿನ ಥರ ಹತ್ತುತ್ತದೆ. ನಮ್ಮತ್ತೆ ‘ಇದು ಮನೆಗೆ ಒಳ್ಳೇದಲ್ಲ, ಕೊಟ್ಟುಬಿಡು’ ಅಂತಿದ್ದಾರೆ. ಹೆಣ್ಣು ಗಂಡಾಗುತ್ತಾ? ಗಂಡು ತರಬೇಕಾ?
(ಮೈಸೂರಿನ ಓದುಗರು)

ಉತ್ತರ: ಅತ್ತೆಯವರಿಗೆ ಧೈರ್ಯ ಹೇಳಿ. ಮೂರರಲ್ಲಿ ಯಾರು ದೊಡ್ಡವರು ಎಂಬುದನ್ನು ಬಾತುಗಳು ಹೀಗೂ ತೀರ್ಮಾನ ಮಾಡಿಕೊಳ್ಳುತ್ತವೆ. ತಲೆ ಕುಣಿಸುವುದು, ಎದೆಯಿಂದ ನೂಕುವುದು, ಮೇಲೆ ಹತ್ತುವುದು ಹೆಣ್ಣುಗಳಲ್ಲೂ ಮಾಮೂಲು. ನೀರಿಗಿಳಿದಾಗ ಇನ್ನೂ ಜಾಸ್ತಿ. ಮೇವನ್ನು ಎರಡು ಮೂರು ಪಾತ್ರೆಯಲ್ಲಿ ದೂರ ದೂರ ಇಡಿ, ಪಕ್ಕದಲ್ಲೇ ಕೊಕ್ಕು ಮುಳುಗುವಷ್ಟು ನೀರಿರಲಿ. ಆಗ ಯಜಮಾನಿಕೆ ನಡೆಸುವ ಬಾತು ಉಳಿದೆರಡನ್ನು ಉಪವಾಸ ಕೆಡವಲಾಗದು.

ಹೆಣ್ಣು ಗಂಡಿನ ವೇಷ ತಾಳುವುದು ಅಪರೂಪಕ್ಕೆ ಇದೆ, ಅಂಡಾಶಯ ಕೆಟ್ಟಾಗ. ಆಗ ಮೊಟ್ಟೆ ನಿಂತುಹೋಗುತ್ತದೆ, ಮುಂದಿನ ಸಲ ಪುಕ್ಕ ಉದುರಿ ಬರುವಾಗ ಗಂಡಿನ ಬಣ್ಣ, ಬಾಲದ ಮೇಲೆ ಸುರುಳಿ ಗರಿ ಬರಬಹುದು. ನಿಮ್ಮದು ಗಟ್ಟಿ ದನಿಯಲ್ಲಿ ‘ಕ್ವಾಕ್’ ಅನ್ನುತ್ತಾ ಮೊಟ್ಟೆಯನ್ನೂ ಇಡುತ್ತಿದ್ದರೆ ಅನುಮಾನವೇ ಬೇಡ. ಗಂಡಿನ ದನಿ ಗಂಟಲು ಕಟ್ಟಿದಂತೆ ಪಿಸುಗುಡುತ್ತದೆ.

ಗಂಡು ಮಾತ್ರ ತರಬೇಡಿ. ಮೊಟ್ಟೆಗೆ ಗಂಡು ಬೇಕಿಲ್ಲ. ಮೂರೇ ಹೆಣ್ಣಿರುವ ಕಡೆ ಒಂದು ಗಂಡು ಬಂದರೂ ಪಾಂಡವಪುರದವರ ಕಥೆ ನಿಮ್ಮ ಮನೆಯಲ್ಲೂ ಶುರುವಾದೀತು. ಮುಂದೆ ಮರಿ ಬೇಕೆನಿಸಿದರೆ ಇನ್ನೆರಡು ಮೂರು ಹೆಣ್ಣು ಸೇರಿಸಿಕೊಂಡ ಮೇಲೆ ಯೋಚಿಸಿ. ಹೊಸಬರನ್ನು ಒಂದೆರಡು ವಾರ ಬೇರೆಯೇ ಇಟ್ಟು, ಕಾಯಿಲೆ ಇಲ್ಲವೆಂದು ಖಾತ್ರಿಯಾದ ಮೇಲೆ ಜಾಲರಿ ಪಕ್ಕಕ್ಕೆ ತನ್ನಿ, ಆಮೇಲೆ ಒಳಗೆ ಬಿಡಿ.